ಹುಟ್ಟುವ ಮೊದಲೇ ಕಟ್ಟಿದ ಬೇವಿನ ಸೊಪ್ಪು

ನನ್ನ ಮೊಮ್ಮಗಳು ಹುಟ್ಟುವ ಮೊದಲೇ ಅವಳು ಹುಟ್ಟಿದಳೆಂದು ಊರಿಗೆಲ್ಲ ಹೇಳಿಬಿಟ್ಟವಳು ನಾನು. ಹಾಗೆ ಹೇಳಬಾರದು. ಹೊಟ್ಟೆಯೊಳಗಿನ ಕೂಸಿನ ಬಗ್ಗೆ ಬಾಯಿ ಬಿಡಬಾರದು, ತೊಟ್ಟಿಲು ಮುಂಚೆ ತರಬಾರದು, ಅಂಗಿ ಮುಂಚೆ ಹೊಲಿಸಬಾರದು ಎಂದು ನಮ್ಮಲ್ಲಿ ಎಷ್ಟೊಂದು ಕಟ್ಟುಪಾಡು. ಅದನ್ನೆಲ್ಲ ಮಗಳಿಗೆ ಹೇಳಿಕೊಟ್ಟವಳೂ ನಾನೇ. ಆದರೂ ಆ ದಿನ ನನ್ನ ಕೈಯಾರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ಈಗ ಆ ಹುಡುಗಿ ಲಂಗ ಎತ್ತಿ ಹಿಡಿದು, ಅಂಗಳದಲ್ಲಿ ಕೋಳಿ ಅಟ್ಟಿಸಿಕೊಂಡು ಓಡುವುದನ್ನು ನೋಡಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಯಾರಿಗಾದರೂ ಹೇಳಲೇಬೇಕು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು, ಅಕ್ಷರ ದುಂಡಗೆ ಬರುವುದಿಲ್ಲ. ಬರದಿದ್ದರೆ ಇರಲಿ, ನನ್ನ ಮೊಮ್ಮಗಳು ದುಂಡಗಿದ್ದಾಳಲ್ಲ, ಸಾಕು.

ನಮ್ಮೂರು ಜಿಗಣಿಯ ಪಕ್ಕ. ಆಗಿನ್ನೂ ಕಾರ್ಖಾನೆಗಳು ಬರತೊಡಗಿದ್ದ ಕಾಲ. ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ಕಾಂಪೌಂಡು ಎದ್ದಿತ್ತು. ಕಟ್ಟಡದ ಕೆಲಸಕ್ಕೆ, ಕಲ್ಲಿನ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದವರು ಕೆರೆಯ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಜನ ಹೆಚ್ಚಾದರು, ಬಸ್ಸು ಹೆಚ್ಚಾಯಿತು, ಟೀ ಅಂಗಡಿ ಹೆಚ್ಚಾಯಿತು. ಹೆಚ್ಚಾಗದೆ ಉಳಿದವಳು ನಮ್ಮ ನರ್ಸಮ್ಮ ಮಾತ್ರ. ಮೊದಲೂ ಒಬ್ಬಳೇ, ಆಗಲೂ ಒಬ್ಬಳೇ.

ಸ್ಕೂಲಿನ ಪಕ್ಕದ ಸರ್ಕಾರಿ ಕೋಣೆಯಲ್ಲಿ ಅವಳ ವಾಸ. ಮೈಸೂರು ಕಡೆಯ ಹುಡುಗಿ, ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು. ಸುತ್ತಿನ ಹಳ್ಳಿಗಳ ಹೆರಿಗೆಯೆಲ್ಲ ಅವಳದೇ. ಮಕ್ಕಳಿಗೆ ಚುಚ್ಚುಮದ್ದು, ಚಳಿಜ್ವರಕ್ಕೆ ಮಾತ್ರೆ, ಬಾವಿಗೆ ಬ್ಲೀಚಿಂಗ್ ಪೌಡರು, ಎಲ್ಲ ಅವಳೇ. ಇದರ ಮೇಲೆ ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನಿಗೆ ಹೆಂಗಸರನ್ನು ಮನೆಮನೆಯಿಂದ ಒಪ್ಪಿಸಿ ಕ್ಯಾಂಪಿಗೆ ಕರೆದೊಯ್ಯಬೇಕು. ಒಪ್ಪಿದವರು ಗಂಡನ ಮಾತು ಕೇಳಿ ತಪ್ಪಿಸಿಕೊಂಡರೆ ಬೈಗುಳ ಇವಳಿಗೆ. ಉಣ್ಣುವಾಗ ಕರೆಯುವರು, ಸ್ನಾನಕ್ಕೆ ಕೂತಾಗ ಕರೆಯುವರು. ನಮಗೂ ಅದು ತಪ್ಪೆನ್ನಿಸುತ್ತಿರಲಿಲ್ಲ. ಬಾವಿಗೆ ಯಾರಾದರೂ ಹೊತ್ತು ನೋಡಿ ಕೊಡ ಇಳಿಸುತ್ತಾರೆಯೇ? ಹಾಗೆ.

ಮಗಳ ಚೊಚ್ಚಲ ಕೂಸು ಉಳಿದಿರಲಿಲ್ಲ. ಆಸ್ಪತ್ರೆಗೆಂದು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಹೋಗುವಾಗ ದಾರಿಯಲ್ಲೇ ಆಗಿ, ದಾರಿಯಲ್ಲೇ ಹೋಯಿತು. ಎರಡನೆಯದಕ್ಕೆ ಅವಳು ಗಟ್ಟಿಯಾಗಿ ಹೇಳಿಬಿಟ್ಟಿದ್ದಳು: "ನಾನು ಗಾಡಿ ಅತ್ತಲ್ಲಮ್ಮ. ಸತ್ರೂ ಇಲ್ಲೇ." ನರ್ಸಮ್ಮ ಅವಳ ಹೊಟ್ಟೆ ಮುಟ್ಟಿ ನೋಡಿ, "ಹೆದರಬೇಡ, ನಾನಿದ್ದೀನಿ" ಅಂದಿದ್ದಳು. ಆ ಒಂದು ಮಾತಿನ ಮೇಲೆ ನಾವು ತಿಂಗಳುಗಟ್ಟಲೆ ಉಸಿರಾಡಿದ್ದೆವು.

ಅವರೆಕಾಯಿ ಕಾಲ. ಕೋಳಿ ಬಿಡುವ ಹೊತ್ತಿಗೆ ಮಗಳಿಗೆ ನೋವು ಶುರುವಾಯಿತು. ಅಳಿಯ ಪೀಣ್ಯದ ಕಾರ್ಖಾನೆಯಲ್ಲಿ, ಅಲ್ಲೇ ರೂಮು ಮಾಡಿಕೊಂಡಿದ್ದ. ನಮ್ಮ ಯಜಮಾನರು ನರ್ಸಮ್ಮನನ್ನು ಹುಡುಕಿಕೊಂಡು ಹೋಗಿ ಕೆರೆ ಹಿಂದಿನ ಶೆಡ್ಡಿನಿಂದ ಕರೆತಂದು ಬಿಟ್ಟು, ಅಳಿಯನಿಗೆ ಸುದ್ದಿ ಮುಟ್ಟಿಸಲು ಬಸ್ಸು ಹತ್ತಿದರು. ನರ್ಸಮ್ಮನ ಸೀರೆಯ ಅಂಚಿಗೆ ಒಣಗಿದ ಕೆಸರು, ಚಪ್ಪಲಿಯ ಬಾರಿಗೆ ಪಿನ್ನು. ಬಂದವಳೇ ಕೈ ತೊಳೆದು ಮಗಳನ್ನು ನೋಡಿದಳು.

"ತಲೆ ಕೆಳಗಿದೆ, ಎಲ್ಲ ಸರಿಯಾಗಿದೆ. ಆದ್ರೆ ಇನ್ನೂ ಹೊತ್ತಿದೆ ಅಮ್ಮ. ಊಟದ ಹೊತ್ತು ದಾಟಬಹುದು. ನೋವು ಒಂದರ ಹಿಂದೆ ಒಂದು ಬರೋಕೆ ಶುರುವಾದ್ರೆ ಆಗ ಹತ್ತಿರ."

ಕತ್ತರಿ, ದಾರ, ರಬ್ಬರಿನ ಕೈಗವಸು ಎಲ್ಲ ಒಂದು ಪಾತ್ರೆಗೆ ಹಾಕಿ, ಬಚ್ಚಲ ಒಲೆಯ ಮೇಲೆ ಕುದಿಯಲಿಟ್ಟಳು. ನಾನು ಹೊರಗೆ ಕೂತು ಅವರೆಕಾಯಿ ಸುಲಿಯತೊಡಗಿದೆ.

ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಓಡಿಹೋಗಿ ನೋಡಿದರೆ ಪಾತ್ರೆಯಲ್ಲಿ ಹನಿ ನೀರಿಲ್ಲ. ರಬ್ಬರು ಕರಗಿ ತಳಕ್ಕೆ ಅಂಟಿದೆ, ದಾರ ಕರಕಲು, ಕತ್ತರಿ ಕಪ್ಪಗಾಗಿದೆ. ಅದರ ಮುಂದೆಯೇ ಗೋಡೆಗೊರಗಿ ನರ್ಸಮ್ಮ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ. ಹೊಗೆ ಅವಳ ಮುಖಕ್ಕೇ ಹೊಡೆಯುತ್ತಿದೆ, ಅವಳಿಗೆ ಅರಿವಿಲ್ಲ.

"ತಾಯಿ! ನೀರು ಬತ್ತೋಗೈತೆ ನೋಡು!"

ಕಣ್ಣು ಬಿಟ್ಟಳು. ಪಾತ್ರೆ ನೋಡಿದಳು. ಬೆಚ್ಚಿ ಬೀಳುತ್ತಾಳೆ ಅಂದುಕೊಂಡೆ, ಬೀಳಲಿಲ್ಲ. ಎರಡೂ ಕೈ ಮುಂದೆ ಚಾಚಿ ಅವನ್ನೇ ನೋಡುತ್ತ ಕೂತಳು. ಕೈ ನಡುಗುತ್ತಿದ್ದವು.

"ಅಮ್ಮ, ಬೇರೆ ಯಾರನ್ನಾದ್ರೂ ಕರೀರಿ."

"ಯಾರನ್ನ ಕರೀಲಿ? ಸೂಲಗಿತ್ತಿ ಅಜ್ಜಿ ಸತ್ತೋದ್ಳು. ಡಾಕ್ಟ್ರು ಕ್ಯಾಂಪಿಗೆ ಓಗವ್ರೆ ಅಂತ ನೀನೇ ಅಂದೆ. ಇದೇನವ್ವ ಇಂಗಂತೀಯಾ?"

"ಮೊನ್ನೆ ಶೆಡ್ಡಲ್ಲಿ ಒಂದು ಹೆರಿಗೆ ಆಯ್ತು. ಹೊಕ್ಕಳಬಳ್ಳಿಗೆ ದಾರ ಕಟ್ಟೋ ಮುಂಚೇನೇ ಕತ್ತರಿ ಹಿಡಿದುಬಿಟ್ಟಿದ್ದೆ. ಅಲ್ಲಿದ್ದ ಒಬ್ಬರು ಕೈ ಹಿಡ್ಕೊಂಡ್ರು, ಮಗು ಉಳೀತು. ಅವತ್ತಿಂದ ಸರಿಯಾಗಿ ಮಲಗಿಲ್ಲ. ಬರೀ ನಿದ್ದೆ ಮಾತಲ್ಲಮ್ಮ. ಮಗು ಅತ್ತರೆ ಮೊದಲೆಲ್ಲ ಎಷ್ಟು ಸಂತೋಷ ಆಗ್ತಿತ್ತು. ಈಗ ಆಗಲ್ಲ. ಅಳದಿದ್ರೆ ಹೆದರಿಕೇನೂ ಆಗಲ್ಲ. ಅದಕ್ಕೇ ನನಗೆ ನನ್ನ ಕಂಡ್ರೆ ಹೆದರಿಕೆ."

ಒಳಗೆ ಮಗಳು ನರಳಿದಳು. ನಾವು ಇಷ್ಟು ದಿನ ನಂಬಿಕೊಂಡು ಬಂದ ಕೈ ಇದು. ಈ ಕೈ ಕೂಸಿನ ಹೊಕ್ಕಳ ಹತ್ತಿರ ಕತ್ತರಿ ಹಿಡಿಯಬೇಕು. ಬೈದರೆ ಕೈ ನೆಟ್ಟಗಾಗುತ್ತದೆಯೇ? ಕಾಲಿಗೆ ಬಿದ್ದರೆ?

"ಇನ್ನೂ ಒತ್ತೈತೆ ಅಂದ್ಯಲ್ಲ, ಮಲಿಕೋ," ಅಂದೆ.

"ಎಲ್ಲಿ ಮಲಗೋದು? ಈಗಲೇ ಯಾರಾದ್ರೂ ಬರ್ತಾರೆ. ಯಾವತ್ತಾದ್ರೂ ಬಿಟ್ಟಿದಾರಾ?"

"ಯಾವಳು ಬತ್ತಾಳೋ ನಾನೂ ನೋಡ್ತೀನಿ. ಏಳು ಮೇಲೆ."

ಬಾಣಂತಿಗೆಂದು ಒಳಕೋಣೆ ಸಾರಿಸಿ, ಕಿಟಕಿಗೆ ಗೋಣಿ ಕಟ್ಟಿ, ಮಂಚಕ್ಕೆ ಕಂಬಳಿ ಹಾಸಿಟ್ಟಿದ್ದೆ. ಅದರ ಮೇಲೆ ಅವಳನ್ನು ಮಲಗಿಸಿದೆ. ತಲೆ ಇಡುವುದೇ ತಡ, ಕಲ್ಲು ನೀರಿಗೆ ಬಿದ್ದ ಹಾಗೆ ನಿದ್ದೆಗೆ ಹೋದಳು. ಮಗಳನ್ನು ಅಡುಗೆಮನೆಗೆ ಕರೆತಂದು, ಕಂಬ ಹಿಡಿದು ಅಡ್ಡಾಡು ಅಂದೆ. ಸುಟ್ಟ ಪಾತ್ರೆ ತಿಕ್ಕಿ, ಕತ್ತರಿಯನ್ನು ಬೂದಿ ಹಾಕಿ ಉಜ್ಜಿ ತೊಳೆದಿಟ್ಟೆ.

ಅಷ್ಟರಲ್ಲಿ ಬಾಗಿಲು ದಬದಬ. ಎದುರು ಮನೆಯವಳು, ಸೊಂಟದ ಮೇಲೆ ಕಿವಿ ನೋವಿನ ಮಗು.

"ಅಕ್ಕಾ, ನರ್ಸಮ್ಮ ಇಲ್ಲೇ ಅವ್ಳಂತೆ? ಒಸಿ ಕರಿ."

ಆಗಲೇ ನನ್ನ ಕಣ್ಣಿಗೆ ಮೂಲೆಯಲ್ಲಿದ್ದ ಬೇವಿನ ಸೊಪ್ಪು ಬಿದ್ದದ್ದು. ಹೆರಿಗೆಯಾದ ಮೇಲೆ ಕಟ್ಟಲೆಂದು ಯಜಮಾನರು ಬೆಳಗ್ಗೆಯೇ ಕಿತ್ತಿಟ್ಟಿದ್ದರು. ನಮ್ಮಲ್ಲಿ ಬಾಗಿಲಿಗೆ ಬೇವು ಕಟ್ಟಿದರೆ ಪುರುಡು ಎಂದು ಅರ್ಥ. ಕೂಸು ಹುಟ್ಟಿದ ಮೈಲಿಗೆ ಕಳೆಯುವವರೆಗೆ ಯಾರೂ ಹೊಸಿಲು ದಾಟುವುದಿಲ್ಲ, ದೇವಸ್ಥಾನಕ್ಕೆ ಹೊರಟವರು ಅಂಗಳಕ್ಕೂ ಕಾಲಿಡುವುದಿಲ್ಲ. ಬಾಗಿಲು ಅರ್ಧ ತೆರೆದು, ಅವಳ ಕಣ್ಣೆದುರಿಗೇ ಸೊಪ್ಪನ್ನು ಮೊಳೆಗೆ ಸಿಕ್ಕಿಸಿದೆ.

"ಅಯ್ಯೋ, ಆಗೋಯ್ತಾ! ಏನು ಮಗ?"

ಇದನ್ನು ನಾನು ಯೋಚಿಸಿರಲಿಲ್ಲ. ಗಂಡು ಅಂದರೆ ಬೀದಿಗೆ ಬೀದಿಯೇ ಸಕ್ಕರೆ ಕೇಳಿಕೊಂಡು ಬರುತ್ತದೆ.

"ಎಣ್ಣು," ಅಂದೆ.

"ಓ. ಲಕ್ಷ್ಮಿ ಬಂದ್ಲು ಬಿಡು," ಎಂದು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೊರಟೇಹೋದಳು.

ಬಾಗಿಲು ಹಾಕಿ ತಿರುಗಿದರೆ ಮಗಳು ಕಂಬ ತಬ್ಬಿಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿದೆ.

"ಏನಂದೆಮ್ಮ ನೀನು? ಉಟ್ಟೋ ಮುಂಚೇನೇ..."

"ಬಾಯಿಗೆ ಬಂದ್ಬುಡ್ತು ಕಣೆ."

ಒಂದು ನೋವು ಬಂತು, ಹೋಯಿತು. ಆಮೇಲೆ ಅಂದಳು, "ಎಣ್ಣೇ ಆಗ್ಲಿ ಬಿಡು. ನಿನ್ನ ಸುಳ್ಳಿ ಅಂತ ಯಾರೂ ಅನ್ಬಾರ್ದು." ನಗಲು ಹೋಗಿ ಮುಖ ಕಿವುಚಿದಳು. ನಾನು ಅತ್ತ ತಿರುಗಿ ಒಲೆ ಊದಿದೆ. ಊದುವಾಗ ಕಣ್ಣಲ್ಲಿ ನೀರು ಬಂದರೆ ಯಾರೂ ಕೇಳುವುದಿಲ್ಲವಲ್ಲ.

ಸುದ್ದಿ ಹರಡಿತು. ಬಾಗಿಲವರೆಗೆ ಬಂದವರು ಸೊಪ್ಪು ನೋಡಿ ತಿರುಗಿ ಹೋಗುವ ಸದ್ದು ಒಳಗೆ ಕೇಳುತ್ತಿತ್ತು. ಆದರೆ ಒಂದು ಸೈಕಲ್ಲು ಬಂದು ನಿಂತಿತು, ಹೋಗಲಿಲ್ಲ.

"ನರ್ಸ್ ಇದಾರೇನಮ್ಮಾ? ಯಾರ್ರೀ ಒಳಗೆ?"

ಹೆಲ್ತ್ ಇನ್ಸ್‌ಪೆಕ್ಟರು. ನರ್ಸಮ್ಮನ ಮೇಲಿನವರು. ಆವತ್ತು ಕಪ್ಪು ಪಂಚೆ, ಕತ್ತಿನಲ್ಲಿ ಅಯ್ಯಪ್ಪನ ಮಾಲೆ, ಬರಿಗಾಲು. ಮಾಲೆ ಹಾಕಿದವರನ್ನು ಸ್ವಾಮಿ ಎಂದೇ ಕರೆಯಬೇಕು.

"ಒಳಗವ್ಳೆ ಸ್ವಾಮಿ. ಪುರುಡು, ಬಾಗಿಲು ನೋಡಿ."

ಅವರು ಸೈಕಲ್ಲು ಸಮೇತ ಅಂಗಳದ ಆಚೆಗೆ ಹೋದರು. ಅಲ್ಲಿಂದಲೇ ಕೂಗಿದರು, "ಕ್ಯಾಂಪಿಗೆ ಕೇಸ್ ಕರ್ಕೊಂಡು ಬರ್ಬೇಕಿತ್ತು ಕಣಮ್ಮ! ಜೀಪು ಕಾಯ್ತಾ ನಿಂತಿದೆ. ಬರ್ತೀವಿ ಅಂದೋರು ಒಬ್ಬರೂ ಬಂದಿಲ್ಲ. ಐದೇ ನಿಮಿಷ ಕಳಿಸಿ, ಅವರನ್ನ ಒಪ್ಪಿಸಿಬಿಟ್ಟು ಬರ್ಲಿ."

ಆಗಲೇ ಒಳಗಿಂದ ಮಗಳ ನರಳಾಟ. ಅವರು ಕಿವಿ ನಿಮಿರಿಸಿದರು.

"ಹೆರಿಗೆ ಆಯ್ತು ಅಂತೀರಾ, ಮತ್ತೆ ನರಳ್ತಾ ಇರೋದು ಯಾರು?"

ಬಾಗಿಲಿಗೆ ಅಡ್ಡ ನಿಂತೆ. "ಕೂಸು ಬಂತು, ಮಾಸು ಇನ್ನೂ ಬಿದ್ದಿಲ್ಲ ಸ್ವಾಮಿ. ನರ್ಸಮ್ಮನ ಕೈ ಒಳಗೇ ಐತೆ. ನೀವೇ ಬಂದು ನೋಡ್ತೀರಾ? ಬನ್ನಿ ಒಳಕ್ಕೆ."

"ಸ್ವಾಮಿ ಶರಣಂ, ಸ್ವಾಮಿ ಶರಣಂ," ಎಂದು ಅವರು ಇನ್ನೂ ಹಿಂದಕ್ಕೆ ಹೋದರು. ಪಾಪ, ಅವರ ಕಣ್ಣಿನ ಕೆಳಗೂ ಕಪ್ಪು ಕಟ್ಟಿತ್ತು. "ನಾಳೆ ಬೆಳಗ್ಗೆ ಬಂದು ನನ್ನ ನೋಡೋಕೆ ಹೇಳಿ. ನಂಗೂ ಮೇಲಿನಿಂದ ಬೈಸ್ಕೊಂಡು ಬೈಸ್ಕೊಂಡು ಸಾಕಾಗಿದೆ. ಮೆಮೋ ಕೊಡ್ಬೇಕಾಗುತ್ತೆ ಅನ್ನಿ. ಮಾಲೆ ಬಿಚ್ಚೋ ತನಕ ಕೆಟ್ಟ ಮಾತಾಡಬಾರ್ದು, ಅದಕ್ಕೇ ಇಷ್ಟಕ್ಕೆ ಬಿಡ್ತಿದೀನಿ."

ಸೈಕಲ್ಲು ಹೋಯಿತು. ಗೆದ್ದೆ ಅಂದುಕೊಂಡೆ. ಎಂಥ ಪೆದ್ದಿ ನಾನು! ಪುರುಡು ಎಲ್ಲರನ್ನೂ ಹೊರಗಿಡುತ್ತದೆ, ಒಬ್ಬರನ್ನು ಬಿಟ್ಟು. ಕೂಸು ಯಾರ ಮನೆಯದೋ ಪುರುಡು ಅವರದೂ ಹೌದು, ಅವರಿಗೆ ಬಾಗಿಲು ಮುಚ್ಚುವ ಹಾಗಿಲ್ಲ. ಇದನ್ನು ನಾನು ಮರೆತೇಬಿಟ್ಟಿದ್ದೆ. ಕೆರೆ ಏರಿಯ ಆಚೆ ನಮ್ಮ ಬೀಗಿತ್ತಿಯ ಊರು. ಮಗಳ ಅತ್ತೆ. ಮನೆದೇವರಿಗೆ ಎಡೆ ಇಡಲು ಅಡುಗೆ ಮಾಡುತ್ತಿದ್ದವಳಿಗೆ ಯಾರೋ ಸುದ್ದಿ ಹೇಳಿದ್ದಾರೆ. ಪುರುಡಲ್ಲಿ ಎಡೆ ಇಡುವಂತಿಲ್ಲ. ಎಲ್ಲ ಅಲ್ಲಲ್ಲೇ ಬಿಟ್ಟು, ಕೊಬ್ಬರಿ ಬೆಲ್ಲ ಮಡಿಲಿಗೆ ಕಟ್ಟಿಕೊಂಡು, ಹಿತ್ತಲ ಬಾಗಿಲಿನಿಂದ ಸೀದಾ ಒಳಗೆ ಬಂದೇಬಿಟ್ಟಳು.

"ಎಲ್ಲವ್ವ ನನ್ನ ಮೊಮ್ಮಗಳು?"

ಎದುರಿಗೆ ತುಂಬಿದ ಹೊಟ್ಟೆಯ ಸೊಸೆ. ತೆರೆದ ಬಾಗಿಲಾಚೆ ಮಂಚದ ಮೇಲೆ ಬಾಯಿ ತೆರೆದು ಮಲಗಿದ ನರ್ಸಮ್ಮ.

"ಇದೇನಮ್ಮೀ ಇದು? ಬಾಣಂತಿ ಮಂಚದ ಮೇಲೆ ನರ್ಸಮ್ಮ, ಬಸುರಿ ಒಲೆ ಮುಂದೆ!"

"ಮೆಲ್ಲಗೆ ಅಕ್ಕಾ, ಮೆಲ್ಲಗೆ. ಏಳ್ತಾಳೆ."

"ಏಳ್ಲಿ! ಏಳಾಕೇ ತಾನೆ ಅವಳಿಗೆ ಸರ್ಕಾರ ಸಂಬ್ಳ ಕೊಡಾದು? ಬಾಯಲ್ಲೇ ಉಟ್ಟಿಸ್ಬುಟ್ಯಾ ನನ್ನ ಮೊಮ್ಮಗೂನ? ಒಂದು ಕಳ್ಕಂಡಿದ್ದು ಸಾಲ್ದಾ ನಿಂಗೆ?"

ಆ ಮಾತು ನನ್ನ ಎದೆಗೇ ನೆಟ್ಟಿತು. ಕರಗಿದ ರಬ್ಬರು ಇನ್ನೂ ಅಂಟಿದ್ದ ಪಾತ್ರೆಯನ್ನು ತಂದು ಅವಳ ಮುಂದೆ ಇಟ್ಟೆ. ಕುದಿಯಲಿಟ್ಟು ಹೇಗೆ ನಿದ್ದೆ ಹೋದಳು, ಏನೆಂದು ಹೇಳಿದಳು, ಕೈ ಹೇಗೆ ನಡುಗುತ್ತಿತ್ತು, ಎಲ್ಲ ಪಿಸುಮಾತಿನಲ್ಲಿ ಒದರಿದೆ. "ಆ ಕೈಯಲ್ಲಿ ಮಾಡಿಸ್ಲಾ ಅಕ್ಕಾ? ನೀನೇ ಯೋಳು. ಎಬ್ಬಿಸು ಅಂದ್ರೆ ಈಗ್ಲೇ ಎಬ್ಬಿಸ್ತೀನಿ."

ಬೀಗಿತ್ತಿ ಪಾತ್ರೆ ನೋಡಿದಳು. ಕೋಣೆಯ ಬಾಗಿಲಿಗೆ ಹೋಗಿ ನಿಂತು ನರ್ಸಮ್ಮನನ್ನು ಬಹಳ ಹೊತ್ತು ನೋಡಿದಳು. ಕಂಬಳಿಯಿಂದ ಹೊರಗೆ ಚಾಚಿದ್ದ ಪಾದಗಳು, ಹಿಮ್ಮಡಿಯಲ್ಲಿ ಗದ್ದೆಯ ಹಾಗೆ ಬಿರುಕು. ಕಂಬಳಿ ಎಳೆದು ಆ ಪಾದಗಳ ಮೇಲೆ ಹೊದಿಸಿದಳು. ವಾಪಸು ಬಂದು ಕೊಬ್ಬರಿ ಬೆಲ್ಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂಬಾಗಿಲ ಹೊಸಿಲ ಮೇಲೆ ಕೂತಳು.

"ನೀನು ಒಳಗಿರು. ಯಾವನು ಬತ್ತಾನೋ ಬರ್ಲಿ."

ನೋವು ಹತ್ತಿರ ಹತ್ತಿರ ಬರತೊಡಗಿತು. ಮಗಳು ಸೆರಗನ್ನು ಬಾಯಿಗೆ ತುರುಕಿಕೊಂಡಳು, ಸದ್ದು ಹೊರಗೆ ಬರಬಾರದೆಂದು. ನಾನು ಅಡುಗೆಮನೆಗೂ ಕೋಣೆಗೂ ನಡುವೆ ನಿಂತಿದ್ದೆ. ಆಚೆ ನೋಡಿದರೆ ಮಗಳ ಕತ್ತಿನ ನರ ಉಬ್ಬಿದೆ, ಈಚೆ ನೋಡಿದರೆ ನರ್ಸಮ್ಮನ ನಿದ್ದೆ. ಬೇಗ ಎಬ್ಬಿಸಿದರೆ ಕೈ ನಡುಗುತ್ತದೆ, ತಡವಾದರೆ ಕೂಸು.

"ಎಬ್ಬಿಸ್ಲೇನೆ?"

ಮಗಳು ತಲೆ ಅಲ್ಲಾಡಿಸಿ ಬಾಯಿಂದ ಸೆರಗು ತೆಗೆದಳು. "ಇನ್ನೊಂಚೂರು. ಇನ್ನೊಂಚೂರು ಮಲಗ್ಲಿ."

"ಎಬ್ಬಿಸ್ತೀನಿ ಕಣೆ."

"ಬ್ಯಾಡ ಅಂದ್ನಲ್ಲ! ಚೆನ್ನಾಗಿ ಮಲಗ್ಲಿ ಅಮ್ಮ. ನನ್ನ ಮಗೂಗೆ ಬೇಕು ಆ ನಿದ್ದೆ."

ಹೊರಗೆ ಬೀಗಿತ್ತಿಯ ದನಿ: "ಏನಯ್ಯಾ, ಕಣ್ಣು ಕಾಣ್ಸಲ್ವಾ? ಸೊಪ್ಪು ಏನು ಮೇಕೆಗೆ ಕಟ್ಟವ್ರಾ?" ಯಾರೋ ಓಡಿಹೋದ ಸದ್ದು. ಇಷ್ಟು ಗದ್ದಲಕ್ಕೂ ನರ್ಸಮ್ಮ ಮಗ್ಗುಲು ಬದಲಿಸಲಿಲ್ಲ.

ಮಗಳ ಕಾಲ ಕೆಳಗೆ ನೆಲ ಒದ್ದೆಯಾಯಿತು. ಇನ್ನು ಕಾಯಲಾಗಲಿಲ್ಲ. ಒದ್ದೆ ಬಟ್ಟೆಯಿಂದ ನರ್ಸಮ್ಮನ ಹಣೆ, ಕಣ್ಣು ಒರೆಸಿದೆ. "ತಾಯಿ, ಒತ್ತಾಯ್ತು."

ಎದ್ದು ಕೂತಳು. ಎಲ್ಲಿದ್ದೇನೆಂದು ತಿಳಿಯದೆ ನೋಡಿದಳು. ಆಮೇಲೆ ತಾನಾಗಿಯೇ ಕೈ ಚಾಚಿ, ಬಾಗಿಲಿನಿಂದ ಬಂದ ಬೆಳಕಿಗೆ ಹಿಡಿದಳು. ನಾನೂ ನೋಡಿದೆ.

ಕೈ ಅಲ್ಲಾಡಲಿಲ್ಲ.

"ಕತ್ತರಿ ಮತ್ತೆ ಕುದಿಸಿ ಅಮ್ಮ. ಹೊಸ ದಾರ ನನ್ನ ಚೀಲದಲ್ಲಿದೆ. ಈ ಸಲ ನೀವು ಪಾತ್ರೆ ಮುಂದೇನೇ ಕೂತ್ಕೊಳ್ಳಿ," ಅಂದಳು. ದನಿಯೇ ಬೇರೆಯಾಗಿತ್ತು.

ಮಂಚದ ಮೇಲೆ ಮಗಳನ್ನು ಮಲಗಿಸಿದೆವು. ನರ್ಸಮ್ಮ ಅವಳನ್ನು ಗದರಿಸಲಿಲ್ಲ, ಅವಸರ ಮಾಡಲಿಲ್ಲ. "ಹಾಂ, ಈಗ ಮುಕ್ಕು, ಕೆಳಕ್ಕೆ ಒತ್ತು. ಈಗ ಬಿಡು, ಉಸಿರು ತಗೋ," ಎಂದು ಪಕ್ಕದಲ್ಲಿ ಕೂತು ಹರಟೆ ಹೊಡೆಯುವವಳ ಹಾಗೆ ಹೇಳುತ್ತಿದ್ದಳು. ತಲೆ ಕಂಡಿತು. ಆಮೇಲೆ ಅವಳ ಬೆರಳು ಸುಮ್ಮನೆ ನಿಂತವು.

"ಈಗ ಮುಕ್ಕಬೇಡ. ತಡಿ. ಏನಾದ್ರೂ ಆಗ್ಲಿ, ಮುಕ್ಕಬೇಡ."

ಬಳ್ಳಿ ಕತ್ತಿಗೆ ಸುತ್ತಿಕೊಂಡಿತ್ತು. ನನಗೆ ಕಂಡಿತು. ನಾನಂದ ಸುಳ್ಳೇ ಬಂದು ಕೂಸಿನ ಕತ್ತು ಹಿಡಿದ ಹಾಗೆ ಕಂಡಿತು. ಗೋಡೆ ಹಿಡಿದುಕೊಂಡೆ. ನರ್ಸಮ್ಮ ಒಂದು ಬೆರಳನ್ನು ಬಳ್ಳಿಯ ಕೆಳಗೆ ತೂರಿಸಿ, ಹೂವಿನ ಹಾರದ ಗಂಟು ಬಿಡಿಸುವಷ್ಟು ನಿಧಾನಕ್ಕೆ ಸಡಿಲಿಸಿ, ತಲೆಯ ಮೇಲಿನಿಂದ ದಾಟಿಸಿದಳು. ಆ ಬೆರಳು ಒಂದು ಚೂರು ನಡುಗಿದ್ದರೆ? ನಡುಗಲಿಲ್ಲ. ಕೂಸು ಜಾರಿ ಬಂತು, ನೇರಳೆ ಬಣ್ಣಕ್ಕೆ. ಅಳಲಿಲ್ಲ. ಬಾಯಿ ಒರೆಸಿದಳು, ಬೆನ್ನು ಉಜ್ಜಿದಳು. ಅಳಲಿಲ್ಲ. ಅಂಗಾಲಿಗೆ ತಟ್ಟಿದಳು. ಅವಳ ಮುಖ ನೋಡಿದೆ, ಅಲ್ಲಿ ಹೆದರಿಕೆ ಇತ್ತು. ನಿಜವಾದ, ನಮ್ಮೆಲ್ಲರ ಮುಖದಲ್ಲಿದ್ದಂಥದ್ದೇ ಹೆದರಿಕೆ. "ಅಳು ಕಂದಾ, ಅಳೇ," ಎಂದು ಅವಳೇ ಅಳುವ ದನಿಯಲ್ಲಿ ಅಂದಳು.

ಆಗ ಅತ್ತಿತು. ಅಬ್ಬಾ, ಏನು ಅಳು! ಹೊಸಿಲ ಮೇಲಿದ್ದ ಬೀಗಿತ್ತಿ ಒಂದೇ ನೆಗೆತಕ್ಕೆ ಒಳಗೆ ಬಂದಳು. ದಾರ ಎರಡು ಕಡೆ ಕಟ್ಟಿ, ಕಟ್ಟಿದ್ದನ್ನು ಎಳೆದು ನೋಡಿ, ಆಮೇಲೆ ನರ್ಸಮ್ಮ ಕತ್ತರಿ ಎತ್ತಿಕೊಂಡಳು.

"ಏನು ಮಗ, ನರ್ಸಮ್ಮ?" ಬೀಗಿತ್ತಿ ಕೇಳಿದಳು.

"ಹೆಣ್ಣು."

"ಬೆಳಗ್ಗೇನೇ ಯೋಳಿರ್ಲಿಲ್ವಾ ನಾನು!" ಎಂದು ನಾನು ಕೂಗಿದೆ. ಕೂಗಿ, ನೆಲದ ಮೇಲೆ ಕೂತು, ಹುಚ್ಚಿಯ ಹಾಗೆ ನಕ್ಕೆ, ಅತ್ತುಬಿಟ್ಟೆ. ಮಂಚದ ಮೇಲಿಂದ ಮಗಳು, "ನಮ್ಮಮ್ಮ ಸುಳ್ಳಿ ಅಲ್ಲ ನೋಡಿ ಅತ್ತೆ," ಅಂದಳು.

ಬಾಣಂತಿಗೆ ನೀರು ಹಾಕಿ, ಕೂಸಿಗೆ ನೀರು ಹಾಕಿ, ಇನ್ನೂ ಹಂಡೆಯಲ್ಲಿ ಬಿಸಿನೀರು ಉಳಿದಿತ್ತು. ನರ್ಸಮ್ಮ ಚೀಲ ಎತ್ತಿಕೊಂಡು ಹೊರಟಿದ್ದಳು. ಬೀಗಿತ್ತಿ ಚೀಲ ಕಿತ್ತಿಟ್ಟಳು.

"ಎಲ್ಲಿಗೆ? ಪುರುಡು ಮುಟ್ಟಿದೋಳು ನೀನು, ಇವತ್ತು ಯಾರ ಮನೆಗೂ ಓಗಂಗಿಲ್ಲ. ಕೂತ್ಕೋ ಇಲ್ಲಿ."

"ಅಜ್ಜಿ, ನನಗೆ ಅದೆಲ್ಲ ಇಲ್ಲ, ನಾನು ದಿನಾ..."

"ಇವತ್ತು ಐತೆ. ಕೂತ್ಕೋ ಅಂದ್ರೆ."

ಬಚ್ಚಲ ಕಲ್ಲಿನ ಮೇಲೆ ಅವಳನ್ನು ಕೂರಿಸಿ, ಬಿಸಿ ಹರಳೆಣ್ಣೆ ನೆತ್ತಿಗೆ ಸುರಿದು, ಬೀಗಿತ್ತಿ ತಟ್ಟತೊಡಗಿದಳು. ನಾನು ಕಾಲು ತಿಕ್ಕಿದೆ. ಚೆಂಬಿನ ಮೇಲೆ ಚೆಂಬು ಬಿಸಿನೀರು ಹೊಯ್ದೆವು. ಹೊಗೆಯಲ್ಲೋ ಹಬೆಯಲ್ಲೋ ಅವಳು ಬಿಕ್ಕುತ್ತಿದ್ದಳು. ನಾವು ಯಾಕೆಂದು ಕೇಳಲಿಲ್ಲ. ಬಾಣಂತಿಗೆಂದು ಇಟ್ಟ ಮೆಣಸಿನ ಸಾರು, ಬೆಳ್ಳುಳ್ಳಿ ಹಾಕಿ ಅವಳಿಗೂ ಬಡಿಸಿದೆವು. ಸಂಜೆ ಅಳಿಯನ ಜೊತೆ ಯಜಮಾನರು ಬಂದು, ಮಂಚದ ಮೇಲೆ ಒಬ್ಬಳು, ಕೆಳಗೆ ಚಾಪೆಯ ಮೇಲೆ ಒಬ್ಬಳು, ಇಬ್ಬರೂ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿರುವುದನ್ನು ನೋಡಿ, "ಇವಳೂ ಎತ್ತಳಾ?" ಅಂದರು.

ಪುರುಡು ಕಳೆದು, ತೊಟ್ಟಿಲು ಕಟ್ಟಿದ ದಿನ ನರ್ಸಮ್ಮನನ್ನು ಕರೆದೆವು. ಮೆಮೋ ಬಂದಿತ್ತಂತೆ. ಬೇರೆ ಊರಿಗೆ ವರ್ಗ ಕೇಳಿ ಬರೆದುಕೊಂಡಿದ್ದೇನೆ ಅಂದಳು, ಸಿಗುವುದು ಯಾವಾಗಲೋ. ಕೆಲಸ ಏನೂ ಕಡಿಮೆಯಾಗಿರಲಿಲ್ಲ. ಕೂಸನ್ನು ಮೊದಲು ತೊಟ್ಟಿಲಿಗೆ ಹಾಕಬೇಕಾದವಳು ಬಾಣಂತಿಯ ಅತ್ತೆ. ಬೀಗಿತ್ತಿ ಕೂಸನ್ನು ಎತ್ತಿ ನರ್ಸಮ್ಮನ ಕೈಗೆ ಕೊಟ್ಟಳು. "ನೀನು ಆಕು. ನಿನ್ನ ಕೈ ಗಟ್ಟಿ." ಹಿತಕಿದ ಬೇಳೆ ಸಾರು, ಹೋಳಿಗೆ ಉಂಡು, ಹೆಂಗಸರ ಹಾಡು ಕೇಳುತ್ತ, ತೊಟ್ಟಿಲ ಹಗ್ಗ ಹಿಡಿದಿದ್ದವಳು ಹಾಗೇ ಕಂಬಕ್ಕೊರಗಿ ಕಣ್ಣು ಮುಚ್ಚಿದಳು. ಹಾಡುತ್ತಿದ್ದವರು ಒಬ್ಬೊಬ್ಬರಾಗಿ ದನಿ ತಗ್ಗಿಸಿದರು.

ಹೊರಗೆ ಯಾರದೋ ಕೂಗು: "ನರ್ಸಮ್ಮ ಇಲ್ಲೇ ಅವ್ರಾ?"

ಬೀಗಿತ್ತಿ ಎದ್ದು ಹೋಗಿ ಇಣುಕಿದಳು. "ಏನಾಗೈತೆ? ಜೀವಕ್ಕೆ ಸಂಚಕಾರವೇನಾ?"

"ಇಲ್ಲವ್ವ, ಕೆಮ್ಮು."

ಅವಳು ಅಂಗಳದ ಬೇವಿನ ಮರಕ್ಕೆ ಕೈ ಹಾಕಿ ಒಂದು ಕೊಂಬೆ ಮುರಿದು, ಬಾಗಿಲ ಮೊಳೆಗೆ ಸಿಕ್ಕಿಸಿದಳು.

"ಪುರುಡು ಕಳೀತಲ್ಲಕ್ಕಾ?" ಅಂದೆ.

"ಕಳೀಲಿ ಬಿಡು. ಇಬ್ರೂ ಮಲಗವ್ರೆ," ಅಂದಳು.

ತೊಟ್ಟಿಲಲ್ಲಿ ನನ್ನ ಮೊಮ್ಮಗಳು ಮುಷ್ಟಿ ಬಿಗಿದು ಮಲಗಿದ್ದಳು. ಆ ಪುಟ್ಟ ಕತ್ತಿನಲ್ಲಿ ಒಂದು ಗೆರೆಯೂ ಉಳಿದಿರಲಿಲ್ಲ. ನರ್ಸಮ್ಮನ ಕೈ ಸಡಿಲವಾಗಿ ಮಡಿಲಲ್ಲಿ ಬಿದ್ದಿತ್ತು. ನಾನು ಅದರಿಂದ ಹಗ್ಗ ಮೆಲ್ಲಗೆ ಬಿಡಿಸಿಕೊಂಡು ತೂಗತೊಡಗಿದೆ.